ಗದ್ದಲದ ಜೊತೆಗೆ ಉತ್ತರವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಸಂಸತ್ ಅಧಿವೇಶನ ಬಂತೆಂದರೆ ಮರುದಿನದ ಮುಖಪುಟ ಹೇಗಿರುತ್ತದೆ ಎಂದು ಹಿಂದಿನ ರಾತ್ರಿಯೇ ಹೇಳಬಹುದು. ಫಲಕ ಹಿಡಿದು ಮೆಟ್ಟಿಲ ಮೇಲೆ ನಿಂತ ವಿರೋಧ ಪಕ್ಷದವರು, ಬೆರಳು ತೋರಿಸಿ ಅಬ್ಬರಿಸುತ್ತಿರುವ ಸಚಿವರು, ಕೆಳಗೆ 'ಕಲಾಪ ಬಲಿ' ಎಂಬ ಸಿದ್ಧ ಶೀರ್ಷಿಕೆ. ರಾತ್ರಿ ಟಿವಿಯಲ್ಲಿ ಅದೇ ಜಗಳದ ಎರಡನೇ ಆಟ: ಎಂಟು ಕಿಟಕಿ, ಎಂಟು ಬಾಯಿ, ಒಬ್ಬ ನಿರೂಪಕರ ಕಿರುಚಾಟ. ಯಾರು ಯಾರಿಗೆ ಏನೆಂದರು ಎಂಬುದು ಬೆಳಗಾಗುವಷ್ಟರಲ್ಲಿ ಊರೂರಿಗೆ ತಲುಪಿರುತ್ತದೆ. ಅದೇ ದಿನ ಸರ್ಕಾರ ಲಿಖಿತವಾಗಿ ಒಪ್ಪಿಕೊಂಡದ್ದು, ಅಥವಾ ಜಾಣತನದಿಂದ ನುಣುಚಿಕೊಂಡದ್ದು, ಎಲ್ಲಿಗೂ ತಲುಪುವುದಿಲ್ಲ.

ಅಧಿವೇಶನದ ಒಂದು ದಿನಕ್ಕೆ ಲೋಕಸಭೆಯಲ್ಲಿ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಯಾಗುತ್ತವೆ. ರಾಜ್ಯಸಭೆಯಲ್ಲಿ 15 ಮತ್ತು 160. ಎರಡೂ ಸೇರಿ ದಿನಕ್ಕೆ 425. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಉಳಿದವಕ್ಕೆ ಲಿಖಿತ ಉತ್ತರ ಮಾತ್ರ. ಎಲ್ಲವೂ ಸಂಸತ್ತಿನ ಜಾಲತಾಣಕ್ಕೆ ಏರುತ್ತವೆ. ಸದಸ್ಯರ ಹೆಸರು, ಸಚಿವಾಲಯ, ದಿನಾಂಕ ಕೊಟ್ಟು ಯಾರು ಬೇಕಾದರೂ ಹುಡುಕಬಹುದು. ಆದರೆ ಅವು ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಪತ್ರಿಕೆ ಕನ್ನಡಕ್ಕೆ ತಾರದಿದ್ದರೆ ಕನ್ನಡ ಓದುಗನ ಪಾಲಿಗೆ ಅವು ಇಲ್ಲವೇ ಇಲ್ಲ.

ಗದ್ದಲದಿಂದ ನಷ್ಟ ಯಾರಿಗೆ ಎಂಬುದನ್ನು ನಮ್ಮ ವರದಿಗಳು ಸರಿಯಾಗಿ ಹೇಳುವುದಿಲ್ಲ. ಲೋಕಸಭೆಯ ಪ್ರಶ್ನೋತ್ತರ ಬೆಳಿಗ್ಗೆ 11ರಿಂದ 12ರವರೆಗೆ. ಆ ಗಂಟೆ ಗಲಾಟೆಯಲ್ಲಿ ಮುಳುಗಿದರೆ ಚುಕ್ಕೆ ಗುರುತಿನ ಪ್ರಶ್ನೆಗಳ ಲಿಖಿತ ಉತ್ತರವನ್ನು ಸದನದ ಮುಂದೆ ಇಟ್ಟದ್ದಾಗಿ ಪರಿಗಣಿಸಿ ಕೈತೊಳೆದುಕೊಳ್ಳಲಾಗುತ್ತದೆ. ಉಪಪ್ರಶ್ನೆ ಸತ್ತುಹೋಗುತ್ತದೆ. ಸಚಿವರು ಬೆವರಬೇಕಾದದ್ದು ಉಪಪ್ರಶ್ನೆಗೇ, ಏಕೆಂದರೆ ಮೂಲ ಉತ್ತರ ಅಧಿಕಾರಿಗಳು ಬರೆದುಕೊಟ್ಟದ್ದು. ಅಂದಮೇಲೆ 11 ಗಂಟೆಗೆ ಸಭಾಧ್ಯಕ್ಷರ ಪೀಠದ ಮುಂದಿನ 'ಬಾವಿ'ಗಿಳಿಯುವ ವಿರೋಧ ಪಕ್ಷ ತಾನು ಬಯ್ಯುವ ಸರ್ಕಾರಕ್ಕೇ ಉಪಕಾರ ಮಾಡುತ್ತಿರುತ್ತದೆ. 2010ರ ಚಳಿಗಾಲದ ಅಧಿವೇಶನವನ್ನು ಇಡಿಯಾಗಿ ತಿಂದುಹಾಕಿದ್ದು ಇಂದಿನ ಆಳುವ ಪಕ್ಷವೇ. ಈಗ ಸರದಿ ಬದಲಾಗಿದೆ, ಆಟ ಅದೇ.

ಉತ್ತರ ಓದುವುದಕ್ಕೂ ಒಂದು ಅಭ್ಯಾಸ ಬೇಕು. ಪ್ರಶ್ನೆ (ಎ), (ಬಿ), (ಸಿ), (ಡಿ) ಎಂದು ತುಂಡುಗಳಾಗಿ ಇರುತ್ತದೆ. ಉತ್ತರ '(ಎ)ಯಿಂದ (ಡಿ)ವರೆಗೆ' ಎಂದು ಒಟ್ಟಾಗಿ ಶುರುವಾದರೆ ಅಲ್ಲಿ ಏನೋ ತಪ್ಪಿಸಿಕೊಂಡಿದೆ ಎಂದು ಮೊದಲು ಅನುಮಾನಿಸಬೇಕು. ಎರಡು ಪುಟ ಯೋಜನೆಯ ಗುಣಗಾನ ಬಂದು, ಕೇಳಿದ ಸಂಖ್ಯೆ ಮಾತ್ರ ಬಂದಿರುವುದಿಲ್ಲ. 'ವಿಷಯ ರಾಜ್ಯಗಳ ವ್ಯಾಪ್ತಿಗೆ ಸೇರಿದ್ದು' ಎನ್ನುವುದು ಇನ್ನೊಂದು ಕಿಂಡಿ. 'ಅಂಥ ದತ್ತಾಂಶವನ್ನು ನಿರ್ವಹಿಸುತ್ತಿಲ್ಲ' ಎನ್ನುವುದು ಎಲ್ಲಕ್ಕಿಂತ ದೊಡ್ಡ ಬಾಗಿಲು.

2020ರ ಸೆಪ್ಟೆಂಬರ್ ಅಧಿವೇಶನವನ್ನೇ ನೋಡಿ. ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ ಇತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ಎಷ್ಟು ಮಂದಿ ಸತ್ತರು, ಕುಟುಂಬಗಳಿಗೆ ಪರಿಹಾರ ಕೊಟ್ಟಿದ್ದೀರಾ ಎಂದು ಕೇಳಿದ್ದಕ್ಕೆ ಕಾರ್ಮಿಕ ಸಚಿವಾಲಯ, ಅಂಥ ದತ್ತಾಂಶ ಇಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದಿತು. ಲೆಕ್ಕ ಇಟ್ಟಿಲ್ಲ, ಹಾಗಾಗಿ ಸಾವಿಲ್ಲ, ಹಾಗಾಗಿ ಪರಿಹಾರವಿಲ್ಲ. ಅದೇ ಅಧಿವೇಶನದಲ್ಲಿ ರೈಲ್ವೆ ಸಚಿವಾಲಯ, ಸೆಪ್ಟೆಂಬರ್ 9ರವರೆಗೆ ವಲಸೆ ಕಾರ್ಮಿಕರಿಗಾಗಿ ಓಡಿಸಿದ ಶ್ರಮಿಕ್ ರೈಲುಗಳಲ್ಲಿ 97 ಮಂದಿ ಸತ್ತಿದ್ದಾರೆ ಎಂದು ರಾಜ್ಯಸಭೆಗೆ ತಿಳಿಸಿತು. ಒಂದು ಇಲಾಖೆಯ ಬಳಿ ಲೆಕ್ಕವೇ ಇಲ್ಲ, ಪಕ್ಕದ ಇಲಾಖೆಯ ಬಳಿ ಅದರ ಒಂದು ಭಾಗ ಇದೆ. ಇಂಥ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲು ವಿಶೇಷ ತನಿಖಾ ತಂಡವೇನೂ ಬೇಡ. ಮೇಜಿನ ಮುಂದೆ ಕೂರುವ ಒಬ್ಬ ಉಪಸಂಪಾದಕರಿಗೆ ಒಂದು ಮಧ್ಯಾಹ್ನ ಬಿಟ್ಟುಕೊಟ್ಟರೆ ಸಾಕು.

ಕರ್ನಾಟಕಕ್ಕೆ ಇನ್ನೂ ಹತ್ತಿರದ್ದೊಂದಿದೆ. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಗುರುತಿಸಿತು. ಜುಲೈ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಸಭೆಗೆ ಕೊಟ್ಟ ಉತ್ತರದ ಸಾರ: ಆರೋಗ್ಯ ರಾಜ್ಯದ ವಿಷಯ, ಸಾವಿನ ವರದಿ ಕಳಿಸುವುದು ರಾಜ್ಯಗಳು, ಆಮ್ಲಜನಕದ ಕೊರತೆಯಿಂದ ಸಾವು ಎಂದು ಯಾವ ರಾಜ್ಯವೂ 'ನಿರ್ದಿಷ್ಟವಾಗಿ' ವರದಿ ಮಾಡಿಲ್ಲ. ಇಡೀ ಭಾರ ಹೊತ್ತಿರುವುದು ಆ ಒಂದು ಪದ. ಸಾವು ಆಗಿಲ್ಲ ಎಂದು ಕೇಂದ್ರ ಹೇಳಲಿಲ್ಲ. ಆಯಿತು ಎಂದು ರಾಜ್ಯ ಬರೆದುಕೊಡಲಿಲ್ಲ. ಟಿವಿಯವರು 'ಆಮ್ಲಜನಕದಿಂದ ಯಾರೂ ಸತ್ತಿಲ್ಲ ಎಂದ ಕೇಂದ್ರ' ಎಂದು ಕೂಗಿ ವಕ್ತಾರರನ್ನು ಕೂರಿಸಿಕೊಂಡರು. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಕರ್ನಾಟಕ ಸರ್ಕಾರ ಆ 24 ಹೆಸರುಗಳ ಮುಂದೆ ಸಾವಿನ ಕಾರಣ ಏನೆಂದು ಬರೆದು ದೆಹಲಿಗೆ ಕಳಿಸಿತು? ಕೇಂದ್ರದಲ್ಲೂ ರಾಜ್ಯದಲ್ಲೂ ಆಗ ಒಂದೇ ಪಕ್ಷ.

ಲಿಖಿತ ಉತ್ತರವೇ ಸುಳ್ಳಾದರೆ? ಅದಕ್ಕೂ ದಾಖಲೆಯಿದೆ. ಪಕ್ಷಗಳಿಗೆ ಹೆಸರು ಬಯಲಾಗದಂತೆ ದೇಣಿಗೆ ಕೊಡುವ ಚುನಾವಣಾ ಬಾಂಡ್‌ಗೆ 2017ರ ಹಣಕಾಸು ಕಾಯ್ದೆಯಲ್ಲಿ ದಾರಿ ಮಾಡಿದರು, ಅದೂ ರಾಜ್ಯಸಭೆಗೆ ತಡೆಯುವ ಅಧಿಕಾರವಿಲ್ಲದ ಧನ ಮಸೂದೆಯ (ಮನಿ ಬಿಲ್) ವೇಷದಲ್ಲಿ. ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದು ಎಂಬ ಮಿತಿಯನ್ನು ಅದೇ ಏಟಿಗೆ ಕಿತ್ತರು. ಅಂದರೆ ಲಾಭವೇ ಇಲ್ಲದ ಕಂಪನಿಯೂ ಕೋಟಿ ಕೊಡಬಹುದು. ಚುನಾವಣಾ ಆಯೋಗ 2017ರ ಮೇ ತಿಂಗಳಲ್ಲೇ ಕಾನೂನು ಸಚಿವಾಲಯಕ್ಕೆ ಪತ್ರ ಬರೆದು ಆಕ್ಷೇಪಿಸಿತ್ತು. 2018ರ ಡಿಸೆಂಬರ್‌ನಲ್ಲಿ ಆಯೋಗ ಕಳವಳ ವ್ಯಕ್ತಪಡಿಸಿದೆಯೇ ಎಂದು ರಾಜ್ಯಸಭೆಯಲ್ಲಿ ಕೇಳಿದಾಗ, ಅಂಥದ್ದೇನೂ ಬಂದಿಲ್ಲ ಎಂಬ ಉತ್ತರ ಹಣಕಾಸು ರಾಜ್ಯ ಸಚಿವರಿಂದ ಬಂತು. ಮಾಹಿತಿ ಹಕ್ಕಿನಲ್ಲಿ ಕಡತ ಹೊರಬಂದಾಗ ಬಣ್ಣ ಬಯಲಾಯಿತು, ಹಕ್ಕುಚ್ಯುತಿ ನೋಟಿಸೂ ಆಯಿತು. ಯೋಜನೆ ಮಾತ್ರ ನಡೆಯುತ್ತಲೇ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿದ್ದು 2024ರ ಫೆಬ್ರುವರಿ 15ರಂದು. ಅಷ್ಟರಲ್ಲಿ 2019ರ ಏಪ್ರಿಲ್‌ನಿಂದ ಆ ದಿನದವರೆಗೇ 22,217 ಬಾಂಡ್‌ಗಳು ಮಾರಾಟವಾಗಿದ್ದವು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅತಿ ದೊಡ್ಡ ಪಾಲು ಬಿಜೆಪಿಗೆ ಹೋಯಿತು. ಆದರೆ ತೃಣಮೂಲ, ಕಾಂಗ್ರೆಸ್ ಕೂಡ ಕೈ ಚಾಚಿ ಪಡೆದವೇ. ಆ ಡಿಸೆಂಬರ್‌ನ ಉತ್ತರವನ್ನು ಆಗಲೇ ಯಾರಾದರೂ ಮುಖಪುಟದಲ್ಲಿ ಹಿಡಿದಿದ್ದರೆ 2019ರ ಲೋಕಸಭಾ ಚುನಾವಣೆಗೆ ಮುಂಚೆ ಇದು ಚರ್ಚೆಯಾಗುತ್ತಿತ್ತು.

ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿಗಳ ಗತಿಯೂ ಹೀಗೇ. 2010ರ ನವೆಂಬರ್‌ನಲ್ಲಿ 2ಜಿ ತರಂಗಾಂತರ ಹಂಚಿಕೆಯ ವರದಿಯ 1.76 ಲಕ್ಷ ಕೋಟಿ ರೂಪಾಯಿಯ ಅಂದಾಜು ನಷ್ಟ ಮಕ್ಕಳ ಬಾಯಿಗೂ ಬಂತು. ಅದು 'ಅಂದಾಜು' ಎಂಬ ಮಾತನ್ನು ಮಾತ್ರ ಯಾರೂ ಒತ್ತಿ ಹೇಳಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿ ರದ್ದು ಮಾಡಿತು, 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2023ರ ಆಗಸ್ಟ್‌ನಲ್ಲಿ ಮಹಾಲೇಖಪಾಲರ ಸಂಸ್ಥೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ 9999999999 ಎಂಬ ಒಂದೇ ಮೊಬೈಲ್ ಸಂಖ್ಯೆಗೆ 7,49,820 ಫಲಾನುಭವಿಗಳು ಜೋಡಣೆಯಾಗಿದ್ದಾರೆ ಎಂದಿತು. ದೆಹಲಿ-ಗುರುಗ್ರಾಮದ ದ್ವಾರಕಾ ಎಕ್ಸ್‌ಪ್ರೆಸ್‌ವೇಯಲ್ಲಿ ಕಿಲೋಮೀಟರಿಗೆ 18.20 ಕೋಟಿಯ ಅನುಮೋದನೆ ಎದುರು 250.77 ಕೋಟಿ ಮಂಜೂರಾಗಿದೆ ಎಂದಿತು. ಸರ್ಕಾರಕ್ಕೂ ಉತ್ತರವಿತ್ತು: ಗುರುತಿಗೆ ಆಧಾರ್ ಇರುವುದರಿಂದ ಮೊಬೈಲ್ ಸಂಖ್ಯೆ ಕಡ್ಡಾಯವಲ್ಲ, 18.20 ಕೋಟಿ ದೇಶದ ಸರಾಸರಿ, ಈ ರಸ್ತೆ ಎಂಟು ಪಥದ್ದು, ಮೇಲ್ಸೇತುವೆ ಸುರಂಗಗಳದ್ದು. ಈ ಸಮರ್ಥನೆ ಎಷ್ಟು ನಿಲ್ಲುತ್ತದೆ ಎಂದು ಅಳೆಯುವುದೇ ಪತ್ರಿಕೆಯ ಕೆಲಸ. ಆ ಕೆಲಸ ಎರಡು ದಿನದಲ್ಲಿ ತಣ್ಣಗಾಯಿತು. 2010ರಲ್ಲಿ ಉತ್ಪ್ರೇಕ್ಷೆ, 2023ರಲ್ಲಿ ಮೌನ. ಎರಡೂ ಕಾಲದಲ್ಲಿ ವರದಿಯನ್ನು ಕೊನೆಯ ಪುಟದವರೆಗೆ ಓದಿದವರು ಕಡಿಮೆ.

ಮಸೂದೆಗಳ ಮಾತಿಗೆ ಬಂದರೆ, 15ನೇ ಲೋಕಸಭೆಯಲ್ಲಿ (2009-14) ಶೇ 71ರಷ್ಟು ಮಸೂದೆಗಳು ಪರಿಶೀಲನೆಗೆ ಸಂಸದೀಯ ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ (2019-24) ಶೇ 16. ಆ 17ನೇ ಲೋಕಸಭೆ ಐದೂ ವರ್ಷ ಉಪಸಭಾಧ್ಯಕ್ಷರಿಲ್ಲದೆ ಮುಗಿಯಿತು, ಸಂವಿಧಾನದ 93ನೇ ವಿಧಿ ಆದಷ್ಟು ಬೇಗ ಆರಿಸಿ ಎನ್ನುತ್ತಿದ್ದರೂ. 2023ರ ಡಿಸೆಂಬರ್‌ನಲ್ಲಿ ಎರಡೂ ಸದನಗಳ 146 ಸದಸ್ಯರು ಅಮಾನತಾಗಿದ್ದಾಗಲೇ ಮೂರು ಹೊಸ ಅಪರಾಧ ಕಾಯ್ದೆಗಳು ಪಾಸಾದವು. 2014ರ ಫೆಬ್ರುವರಿ 18ರಂದು ನೇರಪ್ರಸಾರವೇ ನಿಂತಿದ್ದಾಗ ತೆಲಂಗಾಣ ಮಸೂದೆ ಪಾಸು ಮಾಡಿಕೊಂಡ ಕಾಂಗ್ರೆಸ್‌ನವರು ಈಗ ಇದಕ್ಕೆ ಅಳುವುದು ಬೇರೆ ವಿಷಯ.

ಇದರಲ್ಲಿ ಓದುಗ ಮಾಡಬಹುದಾದದ್ದೂ ಇದೆ. ಕೇಂದ್ರ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಬಹಳ ಅರ್ಜಿಗಳು ತಿರಸ್ಕೃತವಾಗುವುದು 'ಏಕೆ ಹೀಗೆ ಮಾಡಿದಿರಿ' ಎಂದು ಕೇಳುವುದರಿಂದ. ಕಾರಣ ಕೊಡುವ ಹೊಣೆ ಅಧಿಕಾರಿಗಿಲ್ಲ, ಇರುವ ಕಾಗದ ಕೊಡುವ ಹೊಣೆಯಿದೆ. 'ಇಂಥ ದಿನಾಂಕದ ಇಷ್ಟನೇ ಸಂಖ್ಯೆಯ ಪ್ರಶ್ನೆಗೆ ಉತ್ತರ ಸಿದ್ಧಪಡಿಸಿದ ಕಡತದ ಟಿಪ್ಪಣಿ ಹಾಳೆಗಳು ಮತ್ತು ಪತ್ರವ್ಯವಹಾರದ ಪ್ರತಿ ಕೊಡಿ' ಎಂದು ಬರೆದರೆ ಜಾರಿಕೊಳ್ಳುವುದು ಕಷ್ಟ. ರಾಜ್ಯದ ಕಚೇರಿಗಾದರೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಈ ನಿಯಮ ತಿಳಿಯದೆ ಎಷ್ಟೋ ಅರ್ಜಿಗಳು ಹಿಂದಕ್ಕೆ ಬರುತ್ತವೆ.

ಈ ಮಾಹಿತಿ ಹಕ್ಕು ಕಾಯ್ದೆಗೂ ಗೆದ್ದಲು ಬಿಟ್ಟಿದ್ದಾರೆ. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಒಂದು ವಾಕ್ಯ, ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಸೆಕ್ಷನ್ನಿನ ಕೊನೆಯಲ್ಲಿತ್ತು. ಸಂಸದನಿಗೂ ಸಾಮಾನ್ಯನಿಗೂ ಒಂದೇ ಅಳತೆ ಇಟ್ಟ ವಾಕ್ಯ ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 44(3)ನೇ ಸೆಕ್ಷನ್ ಅದನ್ನು ಅಳಿಸಿತು. ಲೋಕಸಭೆ ಆ ಮಸೂದೆಗೆ ಒಪ್ಪಿಗೆ ಕೊಟ್ಟದ್ದು ಮಣಿಪುರದ ಹಿಂಸಾಚಾರ ಕುರಿತ ಗದ್ದಲದ ನಡುವೆ, ಧ್ವನಿಮತದಲ್ಲಿ. ಮರುದಿನ ಅಚ್ಚಾಗಿದ್ದು ಗದ್ದಲ.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಅಧಿವೇಶನ ನಡೆಯುವ ದಿನಗಳಲ್ಲಿ ಕಾಲು ಪುಟ ಬಿಡಿ. ಕರ್ನಾಟಕಕ್ಕೆ ಸಂಬಂಧಿಸಿದ ನಾಲ್ಕೈದು ಉತ್ತರಗಳನ್ನು ಪ್ರಶ್ನೆಯ ಸಂಖ್ಯೆ, ದಿನಾಂಕ ಸಹಿತ ಕನ್ನಡದಲ್ಲಿ ಕೊಡಿ. ಕೇಳಿದ್ದು ಎಡಕ್ಕೆ, ಹೇಳಿದ್ದು ಬಲಕ್ಕೆ. ಹೇಳದೆ ಬಿಟ್ಟದ್ದರ ಎದುರು ಜಾಗ ಖಾಲಿ ಇಡಿ. ನಮ್ಮ 28 ಸಂಸದರ 'ಸಾಧನಾಪಟ್ಟಿ' ಹಾಕುವಾಗ ಸಚಿವರ ಹೆಸರಿನ ಮುಂದೆ ಶೂನ್ಯ ಪ್ರಶ್ನೆ ಎಂದು ಬರೆದು ನಗಬೇಡಿ, ಸಚಿವರು ಪ್ರಶ್ನೆ ಕೇಳುವವರಲ್ಲ. ಉಳಿದವರದ್ದೂ ಬರಿಯ ಸಂಖ್ಯೆ ಎಣಿಸಿ ಪ್ರಯೋಜನವಿಲ್ಲ, ಏನು ಕೇಳಿದರು ಎಂಬುದನ್ನು ನೋಡಿ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು' ಎಂಬ ಉತ್ತರ ಕಂಡರೆ ಅದನ್ನು ಬೇರೆ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ, ಮೂರು ತಿಂಗಳೊಳಗೆ ಈಡೇರಬೇಕು, ಅದನ್ನು ನೋಡಿಕೊಳ್ಳಲು ಭರವಸೆಗಳ ಸಮಿತಿಯೇ ಇದೆ. ತೊಂಬತ್ತನೆಯ ದಿನ ಅದೇ ಸಚಿವಾಲಯಕ್ಕೆ ಫೋನ್ ಮಾಡಿ, ಸಿಕ್ಕ ಉತ್ತರವನ್ನು, ಸಿಗದಿದ್ದರೆ ಸಿಗಲಿಲ್ಲ ಎಂಬುದನ್ನು, ಅದೇ ಕಾಲು ಪುಟದಲ್ಲಿ ಅಚ್ಚು ಹಾಕಿ.

ಇಂತಿ,
ಒಬ್ಬ ಓದುಗ