ನೆರೆಯ ನಂತರ ಅಂಗಡಿ ಮತ್ತೆ ತೆರೆದಿದೆ, ಎಲ್ಲರಿಗೂ ಥ್ಯಾಂಕ್ಸ್

ಇಂದ್ರಾಣಿ ತೋಡು ಉಕ್ಕಿ ಕಲ್ಸಂಕದ ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಗೆ ನೀರು ನುಗ್ಗಿದಾಗ ಒಳಗಿದ್ದ ಮೋಟಾರುಗಳೆಲ್ಲ ನೀವು ನಂಬಿ ಕೊಟ್ಟವು. ಬ್ರಹ್ಮಾವರದ ತೋಟದ ಪಂಪು, ಮಲ್ಪೆಯ ಐಸ್ ಪ್ಲಾಂಟಿನದ್ದು, ರೈಸ್ ಮಿಲ್ಲಿನದ್ದು. ಫೋನ್ ಮಾಡಿ ಹೇಳುವಾಗ ಕೈ ನಡುಗುತ್ತಿತ್ತು. ಒಬ್ಬರೂ ಬೈಯಲಿಲ್ಲ, ಮಾರಾಯ್ರೆ. ಮೊದಲು ಮನೆಯವರು ಹುಷಾರಾ ಅಂತ ಕೇಳಿದಿರಿ. ಅದನ್ನು ಮರೆಯಲು ಸಾಧ್ಯವೇ ಇಲ್ಲ.

ಕೆಸರು ಎತ್ತಲು ಬಂದ ಪಕ್ಕದ ಗ್ಯಾರೇಜಿನ ಹುಡುಗರಿಗೆ, ಓವನ್ ಬಿಟ್ಟುಕೊಟ್ಟ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದ ಗೆಳೆಯರಿಗೆ ದೊಡ್ಡ ನಮಸ್ಕಾರ. ಓವನ್ ಇಲ್ಲದಿದ್ದರೆ ಆ ಮಳೆಯಲ್ಲಿ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಾಮ್ರದ ತಂತಿಯ ಸುರುಳಿ, ಒಣಗುತ್ತಲೇ ಇರಲಿಲ್ಲ.

ಇನ್ನೊಂದು ಥ್ಯಾಂಕ್ಸ್ ಈ ಮೋಟಾರುಗಳನ್ನು ಮಾಡಿದವರಿಗೆ. ಅಪ್ಪ ಕೆಲಸ ಕಲಿತದ್ದು ಕಿರ್ಲೋಸ್ಕರ್ ಮತ್ತು ಎನ್‌ಜಿಇಎಫ್ ಮೋಟಾರುಗಳ ಮೇಲೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿಯಿಂದ ಶುರುಮಾಡಿ ಕಬ್ಬಿಣದ ನೇಗಿಲಿಗೆ ಬಂದವರು, ಅವರ ಮಗ ರವಿ ಕಿರ್ಲೋಸ್ಕರ್ 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಟ್ಟಿದರು. ಎನ್‌ಜಿಇಎಫ್ ನಮ್ಮ ಸರ್ಕಾರದ್ದೇ ಕಂಪನಿ, ಬೈಯಪ್ಪನಹಳ್ಳಿಯಲ್ಲಿತ್ತು, ಜರ್ಮನಿಯ ಎಇಜಿಯ ತಂತ್ರಜ್ಞಾನ. ಅದು ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು, ಆದರೆ ಅಲ್ಲಿಂದ ಬಂದ ಮೋಟಾರುಗಳು ಕರಾವಳಿಯ ಉಪ್ಪು ಗಾಳಿಯಲ್ಲಿ ಇವತ್ತಿಗೂ ತಿರುಗುತ್ತಿವೆ.

ಐಸ್ ಪ್ಲಾಂಟಿನದ್ದು ಅಂಥದ್ದೇ ಒಂದು. ಬೀಡು ಕಬ್ಬಿಣದ ಬಾಡಿ, ಪ್ಲೇಟಿನ ಮೇಲೆ 1440 ಆರ್‌ಪಿಎಂ ಅಂತ ಇನ್ನೂ ಓದಬಹುದು. ಒಳಗೆ ತಿರುಗುವ ರೋಟರ್ ಹೊರಗೆ ತೆಗೆದು, ವೈಂಡಿಂಗ್ ಇರುವ ಸ್ಟೇಟರಿನ ಸಂದಿಯ ಕೆಸರನ್ನೆಲ್ಲ ಒಳ್ಳೆ ನೀರಲ್ಲಿ ತೊಳೆದು ಮೆಗ್ಗರ್ (ಕರೆಂಟ್ ಸೋರದಿದ್ದರೆ ಮುಳ್ಳು ಮೇಲೆ ಏಳುವ ಮೀಟರ್) ಹಾಕಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಓವನ್‌ಗೆ ಇಟ್ಟೆವು. ತೆಗೆದು ನೋಡಿದಾಗ ಸ್ವಲ್ಪ ಎದ್ದಿತ್ತು, ಮತ್ತೆ ಇಟ್ಟೆವು, ಕೊನೆಗೆ ಮುಳ್ಳು ಸರಿಯಾಗಿ ಮೇಲೆ ಹೋಯಿತು. ಹೊಸ ಬೇರಿಂಗ್, ಒಂದು ಕೋಟ್ ವಾರ್ನಿಷ್, ಅಷ್ಟೇ. ಒಂದು ಸುತ್ತು ತಂತಿಯನ್ನೂ ಬದಲಿಸಲಿಲ್ಲ! ಬಿಚ್ಚಿ ರಿಪೇರಿ ಮಾಡಲು ಆಗುವ ಹಾಗೆ ಮಾಡಿದ್ದರಲ್ವಾ, ಅದಕ್ಕೇ ನಮ್ಮಂಥವರ ಮನೆ ನಡೆದದ್ದು.

ಹೆಚ್ಚಿನ ಮೋಟಾರುಗಳು ರೆಡಿ ಇವೆ. ಕೆಲವಕ್ಕೆ ಪೂರ್ತಿ ರಿವೈಂಡಿಂಗ್ ಬೇಕು, ತಾಮ್ರದ ಖರ್ಚು ನಮ್ಮದೇ. ದಯವಿಟ್ಟು ದುಡ್ಡು ಕೊಡಲು ಒತ್ತಾಯ ಮಾಡಬೇಡಿ. ಒಂದು ಮಾತು, ನೆರೆ ನೀರು ಕುಡಿದ ಪಂಪು ಮನೆಯಲ್ಲಿ ಇನ್ನೂ ಇದ್ದರೆ ಸುಮ್ನೆ ಸ್ವಿಚ್ ಹಾಕಿ ನೋಡಬೇಡಿ, ಮೊದಲು ಇಲ್ಲಿಗೆ ತನ್ನಿ.