ಗ್ಲುಟನ್ ಬಿಟ್ಟರೂ ಹೊಟ್ಟೆ ಸರಿಹೋಗದವರಿಗೆ

ಗ್ಲುಟನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಬಿಟ್ಟು ತಿಂಗಳುಗಳಾದರೂ ಹೊಟ್ಟೆ ಉಬ್ಬರ, ಭೇದಿ ನಿಂತಿಲ್ಲ ಅಂತ ಹಲವರು ಬರೆದಿದ್ದೀರಿ. ಮೊದಲು ಗ್ಲುಟನ್ ಅಡಗಿರಬಹುದಾದ ಸೋಯಾ ಸಾಸ್, ಮಾಲ್ಟ್ ಇರುವ ತಿನಿಸುಗಳ ಲೇಬಲ್ ಇನ್ನೊಮ್ಮೆ ಓದಿ. ಅಲ್ಲೇನೂ ಸಿಗದಿದ್ದರೆ ಹಾಲಿನ ಮೇಲೆ ಕಣ್ಣಿಡಿ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗ್ಲುಟನ್‌ನಿಂದ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟಾಗಿರುತ್ತದೆ. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ತಯಾರಾಗುವುದೂ ಅಲ್ಲೇ, ಹಾಗಾಗಿ ಅದು ಕಡಿಮೆಯಾಗಿ ಹಾಲು ಅರಗದೆ ಹೋಗಬಹುದು. ಹೆದರಬೇಡಿ, ಕರುಳು ಸುಧಾರಿಸಿದಂತೆ ಎಷ್ಟೋ ಜನರಿಗೆ ಹಾಲು ಮತ್ತೆ ಒಗ್ಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ಒಂದು ಬಗೆಯ ಕಾರ್ಬೋಹೈಡ್ರೇಟ್ ಕೂಡ ಕೆಲವರಿಗೆ ಆಗುವುದಿಲ್ಲ.

2 ವಾರ ತಿಂದದ್ದು, ಹೊತ್ತು, ತೊಂದರೆ ಬರೆದಿಡಿ. ಅನುಮಾನ ಬಂದದ್ದನ್ನು ಒಂದೊಂದಾಗಿ ಬಿಟ್ಟು, ಆಮೇಲೆ ಸ್ವಲ್ಪ ತಿಂದು ನೋಡಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣ ಅಂತ ಗೊತ್ತಾಗುವುದಿಲ್ಲ, ಅಲ್ವಾ? ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ.