ಏರಿ ಇಳಿಯುವ ಮೊದಲೇ ಬ್ರೇಕ್ ಹಿಡಿ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಮಾಡಿದ್ದರೆ ಅದೇ ಜಗಳ ಮುಂದುವರಿಯುತ್ತಿತ್ತು. ಸೈಕಲಿನಲ್ಲಿ ಸ್ಕೂಲಿಗೆ ಹೋಗುವಾಗ ಕೆರೆ ಏರಿ ತಿರುವಿನಲ್ಲಿ ಎದುರಿನ ಬಸ್ಸಿಗೆ ಸಿಗದೆ ಕೂದಲೆಳೆಯಲ್ಲಿ ಉಳಿದವಳು ನೀನು. "ಏನೂ ಆಗಲಿಲ್ಲವಲ್ಲಪ್ಪ, ಆಗಿದ್ದರೆ ಹೇಳುತ್ತಿರಲಿಲ್ವಾ" ಅಂದೆ. ಆಗಿದ್ದರೆ ಹೇಳೋಕೆ ನೀನು ಇರುತ್ತಿದ್ದೆಯಾ? ಈ ಮಾತು ಫೋನಿನಲ್ಲಿ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಕಾಗದ.

ನನಗೆ ವಿಷಯ ಹೇಳಿದ್ದು ಆ ಬಸ್ಸಿನ ಡ್ರೈವರೇ. ಕೋಲಾರ ಡಿಪೋದಲ್ಲಿ ನನ್ನ ಜೊತೆ ಇದ್ದವನು. ನೀನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದಾನೆ. ಟ್ರಿಪ್ ಮುಗಿಸಿ ಬಸ್ ಸ್ಟ್ಯಾಂಡಿನಿಂದಲೇ ಫೋನ್ ಮಾಡಿದ. "ಅಣ್ಣಾ, ಕೆರೆ ಏರಿ ತಿರುವಿನಲ್ಲಿ ಎದುರಿಗೆ ಬಂದಿದ್ದು ನಿಮ್ಮ ಮಗಳೇ ಅಲ್ವಾ?" ಅಂದ. ಬೈಯಲಿಲ್ಲ, ದೂರಲೂ ಇಲ್ಲ. ಬಸ್ಸನ್ನು ಎಡಕ್ಕೆ ಎಳೆದು ಮಣ್ಣಿಗೆ ಇಳಿಸಿದನಂತೆ. ನಿನ್ನ ಹ್ಯಾಂಡಲ್ ಅವನ ಕಿಟಕಿಯ ಕೆಳಗೆ ಒಂದು ಗೇಣು ಜಾಗದಲ್ಲಿ ದಾಟಿತಂತೆ. ಕೊನೆಗೆ ಹೇಳಿದ್ದು ಇದು: "ಅವಳು ರಸ್ತೆ ನೋಡುತ್ತಿರಲಿಲ್ಲ ಅಣ್ಣಾ. ನನ್ನ ಬಂಪರನ್ನೇ ನೋಡುತ್ತಿದ್ದಳು."

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾಕೆ ಗೊತ್ತಾ? ಕಣ್ಣು ಎಲ್ಲಿರುತ್ತೋ ಗಾಡಿ ಅಲ್ಲಿಗೇ ಹೋಗುತ್ತದೆ. ಸೈಕಲ್ ಆಗಲಿ, ಬಸ್ ಆಗಲಿ. ಗುಂಡಿ ನೋಡುತ್ತಾ ಹೋದವನು ಗುಂಡಿಗೇ ಇಳಿಸುತ್ತಾನೆ. ಭಯ ಆದಾಗ ಕಣ್ಣು ಭಯಪಡಿಸಿದ್ದರ ಮೇಲೇ ನಿಂತುಬಿಡುತ್ತದೆ, ಕೈ ಕಣ್ಣಿನ ಹಿಂದೆ ಹೋಗುತ್ತದೆ. ತಿರುವು ಎಲ್ಲಿ ಮುಗಿಯುತ್ತೋ ಅಲ್ಲಿಗೆ ನೋಡಬೇಕು ಪುಟ್ಟಿ. ಕತ್ತು ತಿರುಗಿಸಿ, ನೀನು ಹೋಗಬೇಕಾದ ಜಾಗವನ್ನೇ ನೋಡಬೇಕು.

ಅವನ ಸೀಟಿನಲ್ಲಿ ನಾನೂ ವರ್ಷಗಟ್ಟಲೆ ಕೂತವನು. ಅಲ್ಲಿಂದ ಏನು ಕಾಣುತ್ತದೆ ಅನ್ನೋದು ನಿನಗೆ ಗೊತ್ತಿಲ್ಲ. ನಿನಗೆ ಅದು ಎಡ ತಿರುವು, ಅವನಿಗೆ ಬಲ ತಿರುವು. ಬಲಕ್ಕೆ ತಿರುಗುವಾಗ ಮುಂದಿನ ಗಾಜಿಗೂ ಡ್ರೈವರ್ ಕಿಟಕಿಗೂ ನಡುವೆ ಇರುವ ಕಂಬ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತದೆ. ಆ ಕಂಬದ ಹಿಂದೆ ಒಂದು ಸೈಕಲ್ ಪೂರ್ತಿ ಮುಚ್ಚಿಹೋಗುತ್ತದೆ. ಮುಂದೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಮೇಲಾಗಿ ತಿರುವಿನ ಒಳಗಡೆ ಜಾಲಿ ಬೆಳೆದು ನಿಂತಿದೆ. ಇನ್ನೊಂದು ವಿಷಯ. ಬಸ್ಸಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರಲ್ಲ. ತಿರುವಿನ ಒಳಗಡೆ, ಅಂದರೆ ನಿನ್ನ ಕಡೆಗೆ, ಕತ್ತರಿಸಿಕೊಂಡು ಬರುತ್ತದೆ. ಮುಂಭಾಗ ದಾಟಿತು, ಸದ್ಯ ಬಚಾವಾದೆ ಅಂದುಕೊಂಡ ಮೇಲೂ ಹಿಂದಿನ ಚಕ್ರ ಬಾಕಿ ಇರುತ್ತದೆ. ಬಸ್ಸು ಬರೀ 40 ಕಿಲೋಮೀಟರ್ ವೇಗದಲ್ಲಿದ್ದರೂ ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಬಂದಿರುತ್ತದೆ. ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟಾಗಿರುತ್ತದೆ.

ಅವನು ಎಡಕ್ಕೆ ಎಳೆದದ್ದು ಯಾವ ಕಡೆಗೆ ಅಂತ ಯೋಚನೆ ಮಾಡಿದೆಯಾ? ಕೆರೆ ಕಡೆಗೆ. ಮೊದಲಾಗಿದ್ದರೆ ಅದು ಒಣಗಿದ ಕೆರೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧ ಮಾಡಿ ಕಳಿಸುವ ಕೊಳಚೆ ನೀರು, ಬರೋಕೆ ಶುರುವಾದ ಮೇಲೆ ಅದು ತುಂಬಿಕೊಂಡು ನಿಂತಿದೆ. ತಡೆಗೋಡೆ ಇಲ್ಲ. ಬೆಳಗಿನ ಬಸ್ಸು, ಕೋಲಾರಕ್ಕೆ ಕಾಲೇಜಿಗೆ ಹೋಗುವ ಮಕ್ಕಳು ಬಾಗಿಲವರೆಗೂ ನಿಂತಿರುತ್ತಾರೆ.

ರಸ್ತೆ ಮೇಲೆ ರಾಗಿ ಹರಡಿದ್ದರು, ಅದನ್ನು ತಪ್ಪಿಸೋಕೆ ಹೋಗಿ ಆಚೆ ಹೋದೆ ಅಂತ ನೀನು ಹೇಳಿದೆ. ಹರಡಿದ್ದರು, ನಿಜ. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಅನ್ನೋದೂ ನಿಜ. ಆದರೆ ಸಂಕ್ರಾಂತಿ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ರಾಗಿಯೋ ಹುರುಳಿಯೋ ಇಲ್ಲದ ಹಳ್ಳಿ ರಸ್ತೆ ಯಾವುದಿದೆ? ಕಾಳು ಟೈರಿನ ಕೆಳಗೆ ಉರುಳುತ್ತದೆ, ಹುಲ್ಲು ಜಾರುತ್ತದೆ. ಅದು ಅಲ್ಲಿ ಇದ್ದೇ ಇರುತ್ತದೆ ಅಂದುಕೊಂಡೇ ತಿರುವಿಗೆ ಬರಬೇಕು. ನಿಧಾನವಾಗಿ ಬಂದಿದ್ದರೆ ರಾಗಿ ಪಕ್ಕದಲ್ಲೇ, ನಿನ್ನ ಅರ್ಧ ರಸ್ತೆಯಲ್ಲೇ ತಿರುಗಬಹುದಿತ್ತು.

ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ವೇಗ ಎರಡು ಪಟ್ಟಾದರೆ ತಿರುವಿನಲ್ಲಿ ಟೈರಿಗೆ ಬೇಕಾದ ಹಿಡಿತ ನಾಲ್ಕು ಪಟ್ಟಾಗುತ್ತದೆ. 15ರಲ್ಲಿ ಸಲೀಸಾಗಿ ತಿರುಗುವ ಸೈಕಲ್ 30ರಲ್ಲಿ ಯಾಕೆ ಆಚೆ ಎಳೆಯುತ್ತದೆ ಅನ್ನೋದು ನಿನಗೆ ಬೋರ್ಡಿನ ಮೇಲೆ ಬರೆದು ತೋರಿಸೋಕೆ ಬರುತ್ತದೆ. ಏರಿ ಇಳಿಜಾರು ಬೇರೆ, ಪೆಡಲ್ ತುಳಿಯದಿದ್ದರೂ ವೇಗ ಏರುತ್ತದೆ. ನೆಲ ಹಿಡಿದುಕೊಂಡಿರುವುದು ಎರಡು ಹೆಬ್ಬೆರಳಿನಷ್ಟು ರಬ್ಬರ್. ಬ್ರೇಕ್ ಏನಿದ್ದರೂ ಏರಿ ಮೇಲೆ, ಸೈಕಲ್ ನೆಟ್ಟಗಿರುವಾಗಲೇ ಹಿಡಿದು ಮುಗಿಸಬೇಕು. ವಾಲಿದ ಮೇಲೆ ಗಾಬರಿಯಿಂದ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ನಿಂತು ಜಾರಿ ಬೀಳುತ್ತೀಯ. ಎಡಕ್ಕೆ ತಿರುಗುವಾಗ ಎಡ ಪೆಡಲ್ ಮೇಲಿರಲಿ, ಬಲಗಾಲಿನ ಮೇಲೆ ಭಾರ ಹಾಕು. ಎಡ ಪೆಡಲ್ ಕೆಳಗಿದ್ದರೆ ನೆಲಕ್ಕೆ ತಗಲಿ ಎತ್ತಿ ಹಾಕುತ್ತದೆ.

ಪಾಠ ಶುರು ಮಾಡಿಬಿಟ್ಟ ಅಪ್ಪ ಅನ್ನುತ್ತೀಯ. ಅನ್ನು, ಪರವಾಗಿಲ್ಲ, ಆದರೆ ಓದು. ಪ್ರಾರ್ಥನೆಗೆ ಐದು ನಿಮಿಷ ತಡವಾದರೆ ಹೆಡ್ ಮೇಷ್ಟ್ರು ಒಂದು ಮಾತು ಅನ್ನಬಹುದು. ಕೇಳಿಸಿಕೋ. ಅದಕ್ಕಿಂತ ಜಾಸ್ತಿ ಏನೂ ಆಗಲ್ಲ.

ನಿಮ್ಮಮ್ಮ ಸೈಕಲ್ ಮಾರಿ ಸ್ಕೂಟಿ ಕೊಡಿಸಿ ಅಂತ ಬೆಳಗಿನಿಂದ ಹಿಡಿದುಕೊಂಡಿದ್ದಾಳೆ. ನಾನು ಒಪ್ಪಿಲ್ಲ. ಸ್ಕೂಟಿಗೂ ತಿರುವು ಅದೇ, ವೇಗ ಇನ್ನೂ ಜಾಸ್ತಿ. ನೀನು ಸೈಕಲ್ ಬಿಡೋದು ನನಗೆ ಇಷ್ಟ ಇಲ್ಲ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡದೇ ಇದ್ದಿದ್ದರೆ ನಮ್ಮೂರಿನ ಎಷ್ಟು ಹೆಣ್ಣುಮಕ್ಕಳು ಹೈಸ್ಕೂಲ್ ಮುಗಿಸುತ್ತಿದ್ದರು? ನಿನಗೂ ಕೊಟ್ಟರು. ಅದನ್ನು ತುಳಿದೇ ನೀನು ಟೀಚರ್ ಆದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಯಾರು ಸಿಕ್ಕರೂ, ನಮ್ಮ ಹುಡುಗಿ ಸ್ಕೂಲಿಗೆ ಸೈಕಲಿನಲ್ಲೇ ಹೋಗುತ್ತಾಳೆ ಅಂತ ನಾನೇ ಹೇಳಿಕೊಂಡು ಬರುತ್ತೇನೆ. ಇನ್ನು ಮುಂದೆಯೂ ಹೇಳುತ್ತೇನೆ. ಆದರೆ ನಿನ್ನ ಸ್ಕೂಲಿನ ಹುಡುಗಿಯರೂ ಅದೇ ಏರಿ ಮೇಲೆ ಬರುತ್ತಾರೆ, ಅಲ್ವಾ? ಟೀಚರ್ ಹೇಗೆ ತಿರುಗಿಸುತ್ತಾರೋ ಅವರೂ ಹಾಗೇ ತಿರುಗಿಸುತ್ತಾರೆ.

ಜೋರಾಗಿ ಮಾತಾಡಿದೆ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿದ್ದೆ ಬರಲಿಲ್ಲ ನನಗೆ. ಕಣ್ಣು ಮುಚ್ಚಿದರೆ ಸ್ಟೀರಿಂಗ್ ನನ್ನ ಕೈಯಲ್ಲೇ ಇರುತ್ತದೆ, ಕಂಬದ ಹಿಂದಿನಿಂದ ನೀನು ಬರುತ್ತೀಯ. ಬಂಪರನ್ನೇ ನೋಡುತ್ತಾ ಬರುತ್ತೀಯ.

ಭಾನುವಾರ ಮೊದಲ ಬಸ್ಸಿಗೆ ಕೋಲಾರಕ್ಕೆ ಬರುತ್ತೇನೆ. ಬ್ರೇಕ್ ರಬ್ಬರ್ ಸವೆದಿದ್ದರೆ ಬದಲಾಯಿಸೋಣ, ಟೈರ್ ನೋಡೋಣ. ಆಮೇಲೆ ಇಬ್ಬರೂ ಆ ಏರಿ ಹತ್ತಿರ ಹೋಗೋಣ. ಎಲ್ಲಿಂದ ಬ್ರೇಕ್ ಹಿಡಿಯಬೇಕು ಅಂತ ತೋರಿಸುತ್ತೇನೆ. ಬೇಡ ಅನ್ನಬೇಡ.

ಅದಕ್ಕೂ ಮೊದಲು ಆ ಡ್ರೈವರಿಗೆ ಒಂದು ಫೋನ್ ಮಾಡು. ನಂಬರ್ ನಿಮ್ಮಮ್ಮ ಕಳಿಸುತ್ತಾಳೆ. ಟೀ ಕುಡಿಯೋಕೆ ಲೋಟ ಹಿಡಿದರೆ ಕೈ ನಡುಗುತ್ತಿತ್ತು ಅಂದ ಪಾಪ. ಸಂಜೆ ಏಳರ ಮೇಲೆ ಮಾಡು, ಡ್ಯೂಟಿಯಲ್ಲಿದ್ದಾಗ ಅವನು ಫೋನ್ ಎತ್ತಲ್ಲ.

ಇಂತಿ,
ನಿನ್ನ ಅಪ್ಪ